ವಾಟರ್ ಪೋಲೋ ಆಡಿ ಬದುಕಬಹುದಾ? ಈಜುಕೊಳದಿಂದ ಕಾಂಟ್ರ್ಯಾಕ್ಟ್‌ವರೆಗಿನ ದಾರಿ

"ಮಗಳು ಚೆನ್ನಾಗಿ ಈಜ್ತಾಳೆ, ಆದರೆ ರೇಸ್‌ನಲ್ಲಿ ಮೆಡಲ್ ಬರ್ತಿಲ್ಲ. ವಾಟರ್ ಪೋಲೋಗೆ ಹಾಕಬಹುದಾ? ಅದರಲ್ಲಿ ಮುಂದೆ ಏನಾದರೂ ಇದೆಯಾ?" ಈ ಪ್ರಶ್ನೆ ಪೋಷಕರಿಂದಲೂ ಬರುತ್ತದೆ, ಪಿಯುಸಿ ಓದುವ ಹುಡುಗರಿಂದಲೂ ಬರುತ್ತದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ನೇರ ಉತ್ತರ. ಆಟವೇ ವೃತ್ತಿ ಆಗಬಹುದು. ಆದರೆ ಹಾಗೆ ಸಂಬಳ ಕೊಡುವ ಕ್ಲಬ್‌ಗಳು ಇರುವುದು ಬುಡಾಪೆಸ್ಟ್, ಬೆಲ್‌ಗ್ರೇಡ್, ಬಾರ್ಸಿಲೋನಾ, ಗ್ರೀಸ್‌ನ ಪಿರೇಯಸ್, ಇಟಲಿಯ ರೆಕ್ಕೋ, ಕ್ರೊಯೇಷಿಯಾದ ಡುಬ್ರೊವ್ನಿಕ್‌ನಂಥ ಕೆಲವೇ ಊರುಗಳಲ್ಲಿ. ಭಾರತದಲ್ಲಿ ವಾಟರ್ ಪೋಲೋಗೆ ವೃತ್ತಿಪರ ಲೀಗ್ ಇಲ್ಲ. ಇಲ್ಲಿ ಈ ಆಟ ಅನ್ನ ಕೊಡುವುದು ರೈಲ್ವೆ, ಸೇನೆ, ಪೊಲೀಸ್ ನೌಕರಿಯ ಮೂಲಕ. ಎರಡೂ ಬೇರೆ ಬೇರೆ ದಾರಿ. ಆದರೆ ಶುರುವಿನ ನಾಲ್ಕು ಹಂತ ಎರಡಕ್ಕೂ ಒಂದೇ. ಹಾಗಾಗಿ "ಯೂರೋಪಿಗೆ ಹೋಗೋದು ಹೇಗೆ" ಅಂತ ಆರನೇ ಹಂತಕ್ಕೆ ಹಾರಬೇಡಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ ಏಳು ಜನ ನೀರಿನಲ್ಲಿರುತ್ತಾರೆ. ಎಂಟೆಂಟು ನಿಮಿಷದ ನಾಲ್ಕು ಅವಧಿ. ಚೆಂಡು ನಿಂತಾಗ ಗಡಿಯಾರವೂ ನಿಲ್ಲುವುದರಿಂದ ಪಂದ್ಯ ಒಂದು ಗಂಟೆಗೂ ಮೀರಿ ನಡೆಯುತ್ತದೆ. ಗೋಲ್ 3 ಮೀಟರ್ ಅಗಲ, ನೀರಿನಿಂದ 90 ಸೆಂ.ಮೀ. ಎತ್ತರ. ಗೋಲ್‌ಕೀಪರ್ ಬಿಟ್ಟು ಉಳಿದವರು ಒಂದೇ ಕೈಯಲ್ಲಿ ಚೆಂಡು ಹಿಡಿಯಬೇಕು. ತಳಕ್ಕೆ ಕಾಲೂರಿ ಆಡುವಂತಿಲ್ಲ. ಇಷ್ಟರ ಮೇಲೆ ಎದುರಾಳಿ ನಿಮ್ಮ ಬೆನ್ನ ಮೇಲೆ ಇರುತ್ತಾನೆ!

ನಮಗೆ ಇದು ಹೊಸ ಆಟ ಏನಲ್ಲ. ಭಾರತ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ವಾಟರ್ ಪೋಲೋ ಆಡಿದೆ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1982ರಲ್ಲಿ ಅದೇ ದೆಹಲಿಯಲ್ಲಿ ಕಂಚು ಗೆದ್ದಿದೆ.

ಹಂತ 1: ಈಜು ಗಟ್ಟಿಯಾಗಲಿ

ಹತ್ತರಿಂದ ಹದಿಮೂರು ವರ್ಷದೊಳಗೆ ಈಜು ಕರಗತವಾಗಿದ್ದರೆ ಒಳ್ಳೆಯದು. ಹದಿನೈದಕ್ಕೆ ವಾಟರ್ ಪೋಲೋ ಶುರು ಮಾಡಿದರೂ ತಡವಾಗಿಲ್ಲ. ಆದರೆ ಹದಿನೈದಕ್ಕೆ ಈಜು ಕಲಿಯಲು ಶುರು ಮಾಡಿದರೆ ಕಷ್ಟ. ನಿಲ್ಲದೆ 400 ಮೀಟರ್ ಫ್ರೀಸ್ಟೈಲ್ ಆರಾಮವಾಗಿ ಹೋಗಬೇಕು. ಆಮೇಲೆ ಸ್ವಲ್ಪ ಸ್ವಲ್ಪ ವಿಶ್ರಾಂತಿಯಲ್ಲಿ 25 ಮೀಟರ್ ಸ್ಪ್ರಿಂಟ್‌ಗಳನ್ನು ಒಂದರ ಹಿಂದೊಂದು ಹೊಡೆಯಬೇಕು. ಪಂದ್ಯದಲ್ಲಿ ಬರುವುದು ಈ ಎರಡನೆಯ ಥರದ ಈಜು.

ರೇಸ್ ಈಜುಗಾರರು ಮುಖ ನೀರಿನಲ್ಲಿಟ್ಟು ಈಜುತ್ತಾರೆ. ಇಲ್ಲಿ ತಲೆ ಮೇಲಿರಬೇಕು, ಚೆಂಡು ಕಾಣಬೇಕಲ್ವಾ. ಬಾವಿ, ಕೆರೆಯಲ್ಲಿ ಈಜು ಕಲಿತ ನಮ್ಮ ಹಳ್ಳಿ ಹುಡುಗರಿಗೆ ಇದು ಸಲೀಸು. ಪೇಟೆಯ ಕೋಚ್ ಮೊದಲ ದಿನವೇ ಬಿಡಿಸುವ ಆ ಅಭ್ಯಾಸ ಈ ಆಟಕ್ಕೆ ಬೇಕೇ ಬೇಕು.

ಎಚ್ಚರಿಕೆ: ಅಪಾರ್ಟ್‌ಮೆಂಟ್‌ನ ನಾಲ್ಕಡಿ ಪೂಲ್‌ನಲ್ಲಿ ಈ ಆಟ ಕಲಿಯಲು ಆಗುವುದಿಲ್ಲ. ಕಾಲು ತಳಕ್ಕೆ ತಾಗಿದರೆ ಎಲ್ಲ ಅಭ್ಯಾಸವೂ ಸುಳ್ಳು. ಎರಡು ಮೀಟರ್ ಆಳದ ಪೂಲ್ ಹುಡುಕಿ. ಬೆಂಗಳೂರಿನಲ್ಲಿದ್ದರೆ ಕರ್ನಾಟಕ ಈಜು ಸಂಸ್ಥೆಯನ್ನು ಕೇಳಿ. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕ್ಲಬ್‌ಗಳಲ್ಲೂ ವಿಚಾರಿಸಿ. "ಈ ವರ್ಷ ಯಾವ ಕ್ಲಬ್‌ಗಳು ವಾಟರ್ ಪೋಲೋ ತಂಡ ಇಳಿಸುತ್ತಿವೆ?" ಅಂತಲೇ ಕೇಳಬೇಕು. "ಕಲಿಸ್ತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಹಂತ 2: ಕಾಲು

ನನ್ನನ್ನು ಕೇಳಿದರೆ ಇಡೀ ಆಟದ ಬುಡ ಇದು. ಚೆಂಡು ಎಸೆಯುವುದನ್ನು ಆರು ತಿಂಗಳು ತಡವಾಗಿ ಕಲಿತರೂ ನಡೆಯುತ್ತದೆ. ಕಾಲು ಕಲಿಯದಿದ್ದರೆ ಏನೂ ನಡೆಯುವುದಿಲ್ಲ.

ಇದಕ್ಕೆ ಎಗ್‌ಬೀಟರ್ ಅನ್ನುತ್ತಾರೆ. ನೀರಿನಲ್ಲಿ ಕುರ್ಚಿ ಮೇಲೆ ಕೂತ ಭಂಗಿ. ಮೊಣಕಾಲುಗಳು ಅಗಲ. ಎರಡೂ ಕಾಲು ಒಂದಾದ ಮೇಲೊಂದರಂತೆ ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತವೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕಾಲು ಒಟ್ಟಿಗೆ ಒದೆಯುವುದರಿಂದ ದೇಹ ಮೇಲೆ ಕೆಳಗೆ ಆಡುತ್ತದೆ. ಇಲ್ಲಿ ಒಂದು ಕಾಲು ಯಾವಾಗಲೂ ನೀರನ್ನು ಒತ್ತುತ್ತಿರುತ್ತದೆ. ಹಾಗಾಗಿ ದೇಹ ಒಂದೇ ಎತ್ತರದಲ್ಲಿ ನಿಂತು, ಎರಡೂ ಕೈ ಬಿಡುವಾಗುತ್ತವೆ.

ಕಲಿಯುವ ಕ್ರಮ ಹೀಗಿರಲಿ. ಮೊದಲು ಪೂಲ್ ಅಂಚಿನ ಮೇಲೆ ಕೂತು ಒಂದೊಂದೇ ಕಾಲು ತಿರುಗಿಸಿ. ಆಮೇಲೆ ನೀರಿನಲ್ಲಿ, ಕೈಗಳನ್ನೂ ಆಡಿಸುತ್ತಾ. ನಂತರ ಮಣಿಕಟ್ಟು ನೀರಿನ ಮೇಲೆ. ಆಮೇಲೆ ಮೊಣಕೈ. ಕೊನೆಗೆ ಎರಡೂ ಕೈ ಪೂರ್ತಿ ಮೇಲೆತ್ತಿ ಮೂವತ್ತು ಸೆಕೆಂಡು ನಿಲ್ಲಿ. ಅದು ಸುಲಭ ಅನಿಸಿದ ದಿನ ಕೈಯಲ್ಲಿ ಅರ್ಧ ತುಂಬಿದ ನೀರಿನ ಕ್ಯಾನ್ ಹಿಡಿಯಿರಿ. ಒಂದೇ ಕಡೆ ನಿಲ್ಲುವುದು ಬಂದ ಮೇಲೆ ಪಕ್ಕಕ್ಕೆ, ಹಿಂದಕ್ಕೆ ಚಲಿಸುವುದು. ಆಮೇಲೆ ಒಂದೇ ಒದೆತಕ್ಕೆ ಸೊಂಟದವರೆಗೆ ಮೇಲೇಳುವುದು. ಗೋಲ್‌ಕೀಪರ್ ಚೆಂಡು ತಡೆಯುವುದು, ಆಟಗಾರ ಶಾಟ್ ಹೊಡೆಯುವುದು, ಎರಡೂ ಆ ಏರಿಕೆಯ ಮೇಲೆ ನಿಂತಿವೆ.

ಸಾಮಾನ್ಯ ತಪ್ಪುಗಳು: ಮೊಣಕಾಲು ಹತ್ತಿರ ಇಟ್ಟು ಪಾದ ಮಾತ್ರ ತಿರುಗಿಸುವುದು, ಮುಂದಕ್ಕೆ ಬಾಗುವುದು, ದಿನಾ ಮಾಡುವ ಬದಲು ವಾರಕ್ಕೊಮ್ಮೆ ಒಂದು ಗಂಟೆ ಎಳೆಯುವುದು. ಮೊಣಕಾಲಿನ ಒಳಬದಿ ಅಥವಾ ತೊಡೆಸಂದಿ ನೋಯಲು ಶುರುವಾದರೆ ನಿಲ್ಲಿಸಿ. "ಅಭ್ಯಾಸ ಆದರೆ ಹೋಗುತ್ತೆ" ಅನ್ನುವ ಮಾತು ಇಲ್ಲಿ ಬೇಡ. ಸೊಂಟದ ಸಂದು ಸಡಿಲವಾಗುವ ವ್ಯಾಯಾಮ ನೆಲದ ಮೇಲೆ ಮಾಡಿ, ಆಮೇಲೆ ನೀರಿಗಿಳಿಯಿರಿ.

ಹಂತ 3: ಚೆಂಡು ಮತ್ತು ನಿಮ್ಮ ಜಾಗ

ಗಂಡಸರ ಚೆಂಡು 5ನೇ ಸೈಜ್, ಹೆಂಗಸರದು 4ನೇ ಸೈಜ್. ಮನೆಗೆ ಒಂದು ಚೆಂಡು ತಂದುಕೊಳ್ಳಿ. ಒಂದೇ ಕೈಯಲ್ಲಿ ಹಿಡಿದು ಗೋಡೆಗೆ ಎಸೆದು ವಾಪಸ್ ಹಿಡಿಯುವುದನ್ನು ನೆಲದ ಮೇಲೂ ಅಭ್ಯಾಸ ಮಾಡಬಹುದು.

ಹೊಸಬರು ಮುಗ್ಗರಿಸುವ ನಿಯಮ ಒಂದಿದೆ. ಚೆಂಡು ನಿಮ್ಮ ಕೈಯಲ್ಲಿದ್ದರೆ ಎದುರಾಳಿ ನಿಮ್ಮನ್ನು ಹಿಡಿಯಬಹುದು, ಒತ್ತಬಹುದು, ಮುಳುಗಿಸಲೂಬಹುದು. ಚೆಂಡು ಕೈಯಿಂದ ಬಿಟ್ಟಿದ್ದಾಗ ಹಾಗೆ ಮಾಡಿದರೆ ಫೌಲ್. ಹೆದರಿದವರು ಚೆಂಡನ್ನು ಗಟ್ಟಿಯಾಗಿ ಹಿಡಿದುಕೊಂಡು ಪೆಟ್ಟು ತಿನ್ನುತ್ತಾರೆ. ಅನುಭವಿ ಆಟಗಾರ ಸರಿಯಾದ ಕ್ಷಣಕ್ಕೆ ಚೆಂಡು ಬಿಟ್ಟು ಫ್ರೀ ಥ್ರೋ, ಅಂದರೆ ಫೌಲ್‌ಗೆ ಪ್ರತಿಯಾಗಿ ಸಿಗುವ ಎಸೆತ, ಗಿಟ್ಟಿಸುತ್ತಾನೆ. ಚೆಂಡಿಲ್ಲದವನನ್ನು ಹಿಡಿದೆಳೆದರೆ ಎಕ್ಸ್‌ಕ್ಲೂಷನ್, ಅಂದರೆ ಸ್ವಲ್ಪ ಹೊತ್ತು ಆಟದಿಂದ ಹೊರಗೆ. ಆಗ ಗೋಲ್‌ಕೀಪರ್ ಬಿಟ್ಟು ಎದುರಾಳಿಗೆ ಆರು ಜನ, ನಿಮಗೆ ಐದು. ಪಂದ್ಯಗಳು ಗೆಲ್ಲುವುದು, ಸೋಲುವುದು ಹೆಚ್ಚಾಗಿ ಈ ಆರಕ್ಕೈದರ ಆಟದಲ್ಲೇ. ಇಂಥ ದೊಡ್ಡ ಫೌಲ್ ಮೂರಾದರೆ ಆ ಪಂದ್ಯ ನಿಮಗೆ ಮುಗಿದಂತೆ. ಹೊರಗಿರುವ ಸೆಕೆಂಡು, ಶಾಟ್‌ಗೆ ಸಿಗುವ ಸಮಯ, ಆಟದ ಜಾಗದ ಅಳತೆ ಇವೆಲ್ಲ ಆಗಾಗ ಬದಲಾಗುತ್ತವೆ. ಹಾಗಾಗಿ ಪ್ರತಿ ವರ್ಷ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮ ಪುಸ್ತಕವನ್ನು ಒಮ್ಮೆ ಓದಿ.

ಇನ್ನು ಜಾಗ. ಎದುರಾಳಿ ಗೋಲ್‌ನ ಮುಂದೆ ಬೆನ್ನು ಕೊಟ್ಟು ನಿಲ್ಲುವವನು ಸೆಂಟರ್. ಅವನಿಗೆ ಭಾರ, ಬಲ ಎರಡೂ ಬೇಕು. ಅವನನ್ನು ಕಾಯುವವನು ಸೆಂಟರ್ ಬ್ಯಾಕ್. ನನ್ನ ಲೆಕ್ಕದಲ್ಲಿ ತಂಡದಲ್ಲಿ ಅತಿ ಹೆಚ್ಚು ದುಡಿದು ಅತಿ ಕಡಿಮೆ ಹೊಗಳಿಕೆ ಪಡೆಯುವವನು ಇವನೇ. ಉಳಿದವರು ಸುತ್ತಲಿಂದ ಪಾಸ್ ಮಾಡುತ್ತಾ ಶಾಟ್ ಹೊಡೆಯುವವರು. ಇದರಲ್ಲಿ ಬಲಬದಿಯ ಎರಡು ಜಾಗ ಎಡಗೈಯವರಿಗೆ ಮೀಸಲಿದ್ದಂತೆ. ಅಲ್ಲಿಂದ ಎಡಗೈಗೆ ಗೋಲ್ ಪೂರ್ತಿ ತೆರೆದು ಕಾಣುತ್ತದೆ, ಬಲಗೈಯವರಿಗೆ ಕೋನ ಕಿರಿದಾಗುತ್ತದೆ. ಸರ್ಬಿಯಾದ ಫಿಲಿಪ್ ಫಿಲಿಪೋವಿಚ್ ಮತ್ತು ದುಶಾನ್ ಮಾಂಡಿಚ್ ಇಬ್ಬರೂ ಎಡಗೈ ಆಟಗಾರರು. ಸರ್ಬಿಯಾ 2016, 2020, 2024ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದಿತು. ಮೂರರಲ್ಲೂ ಮಾಂಡಿಚ್ ಇದ್ದರು. ನಿಮ್ಮ ಮಗು ಎಡಚನಾಗಿದ್ದರೆ ಕೋಚ್‌ಗೆ ಮೊದಲ ದಿನವೇ ಹೇಳಿ. ಅವರ ಮುಖ ಅರಳುತ್ತದೆ.

ಹಂತ 4: ಕ್ಲಬ್, ರಾಜ್ಯ, ನ್ಯಾಷನಲ್ಸ್, ಮತ್ತು ಕಾಗದಪತ್ರ

ದಾರಿ ಗೊತ್ತಿರುವಂಥದ್ದೇ. ಕ್ಲಬ್‌ಗೆ ಸೇರಿ, ರಾಜ್ಯ ಚಾಂಪಿಯನ್‌ಶಿಪ್ ಆಡಿ, ಆಯ್ಕೆಯಾದರೆ ಸಬ್ ಜೂನಿಯರ್, ಜೂನಿಯರ್, ಸೀನಿಯರ್ ನ್ಯಾಷನಲ್ಸ್. ಪ್ರತಿ ಮಟ್ಟದ ಪ್ರಮಾಣಪತ್ರವನ್ನೂ ಅವತ್ತೇ ಸ್ಕ್ಯಾನ್ ಮಾಡಿ ಇಡಿ. ಮುಂದೆ ನೌಕರಿ, ಕಾಲೇಜು ಸೀಟು, ವೀಸಾ ಎಲ್ಲಕ್ಕೂ ಬೇಕಾಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರಿನ ಅಕ್ಷರ ಮತ್ತು ಹುಟ್ಟಿದ ದಿನ ಒಂದೇ ಇರಲಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಮಾಮೂಲಿ. ಅದನ್ನು ಈಗಲೇ ಸರಿ ಮಾಡಿಸಿ. ವಯಸ್ಸು ಕಡಿಮೆ ತೋರಿಸುವ ಸಲಹೆ ಯಾರಾದರೂ ಕೊಟ್ಟರೆ ಆ ಮನುಷ್ಯನಿಂದ ದೂರವಿರಿ.

ಪಂದ್ಯದ ದಿನ ರೆಫರಿ ಉಗುರು ನೋಡುತ್ತಾರೆ. ಉದ್ದ ಇದ್ದರೆ ಕತ್ತರಿಸಿ ಬರಬೇಕು. ಮೈಗೆ ಎಣ್ಣೆ ಹಚ್ಚಿ ಇಳಿಯುವಂತಿಲ್ಲ, ಹಿಡಿತ ಜಾರುತ್ತದೆ ಅಂತ. ಕ್ಲೋರಿನ್‌ಗೆ ಅಂತ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಇದ್ದವರು ಅದನ್ನು ಪಂದ್ಯ ಮುಗಿದ ಮೇಲೆ ಇಟ್ಟುಕೊಳ್ಳಿ. ಈಜು ಕನ್ನಡಕಕ್ಕೂ ಅವಕಾಶವಿಲ್ಲ. ಟೋಪಿಯ ಕಿವಿ ಕವಚ ಸುಮ್ನೆ ಅಲಂಕಾರಕ್ಕಲ್ಲ, ಕಿವಿಗೆ ಬಿದ್ದ ಚೆಂಡು ತಮಟೆ ಹರಿಯಬಹುದು. ಹಲ್ಲಿನ ಗಾರ್ಡ್ ಕೂಡ ಹಾಕಿಕೊಳ್ಳಿ.

ಹಂತ 5: ಭಾರತದೊಳಗೆ ಹೊಟ್ಟೆಪಾಡು

ಸೀನಿಯರ್ ನ್ಯಾಷನಲ್ಸ್‌ನಲ್ಲಿ ಸರ್ವೀಸಸ್ (ಸೇನೆ), ರೈಲ್ವೇಸ್, ಪೊಲೀಸ್ ತಂಡಗಳು ಯಾಕೆ ಗಟ್ಟಿ? ಅವರ ಆಟಗಾರರಿಗೆ ತಿಂಗಳ ಸಂಬಳ ಇದೆ, ಅಭ್ಯಾಸಕ್ಕೆ ಸಮಯ ಇದೆ. ಬಂಗಾಳ ಮತ್ತು ಕೇರಳದಲ್ಲಿ ಈ ಆಟದ ಹಳೆಯ ಪರಂಪರೆ ಇದೆ. ಕೋಲ್ಕತ್ತದ ಕಾಲೇಜ್ ಸ್ಕ್ವೇರ್ ಕ್ಲಬ್‌ಗಳ ಹುಡುಗರು ಚೆಂಡಿನೊಂದಿಗೇ ಬೆಳೆಯುತ್ತಾರೆ. ನಮ್ಮ ಕರ್ನಾಟಕದ ಬಲ ಮಾತ್ರ ರೇಸ್ ಈಜಿನಲ್ಲಿ ಜಾಸ್ತಿ. ಇದು ಕೊರತೆಯೂ ಹೌದು, ಅವಕಾಶವೂ ಹೌದು. ವೇಗದ ಈಜುಗಾರರಿಗೆ ಇಲ್ಲಿ ಪೈಪೋಟಿ ಕಡಿಮೆ.

ಕ್ರೀಡಾ ಕೋಟಾದ ನೇಮಕಾತಿ ಪ್ರಕಟಣೆಯಲ್ಲಿ ವಾಟರ್ ಪೋಲೋ ಹೆಸರಿದೆಯೇ ನೋಡಿ. ಕೆಲವೊಮ್ಮೆ 'ಈಜು' ಮಾತ್ರ ಇರುತ್ತದೆ. ಯಾವ ಮಟ್ಟದ ಪಂದ್ಯ, ಎಷ್ಟನೇ ಸ್ಥಾನ, ಯಾವ ವರ್ಷಗಳೊಳಗೆ ಅನ್ನುವ ಷರತ್ತುಗಳನ್ನು ಪೂರ್ತಿ ಓದಿ. ಹಳೆಯ ಪದಕಕ್ಕೆ ಬೆಲೆ ಇಲ್ಲದಿರಬಹುದು. ವೃತ್ತಿ ಕೋರ್ಸ್‌ಗಳ ಕ್ರೀಡಾ ಕೋಟಾಗೂ ಇದೇ ಮಾತು.

ಇಲ್ಲಿಗೇ ನಿಂತರೂ ತಪ್ಪೇನಿಲ್ಲ. ನೌಕರಿ ಇಟ್ಟುಕೊಂಡು ದೇಶಕ್ಕೆ ಆಡುವುದು ಇವತ್ತಿಗೂ ಭಾರತದ ಆಟಗಾರರ ನಿಜವಾದ ವೃತ್ತಿಜೀವನ.

ಹಂತ 6: ಹೊರದೇಶದ ಎರಡು ಬಾಗಿಲು

ಮೊದಲನೆಯದು ಅಮೆರಿಕದ ಕಾಲೇಜು. ಅಲ್ಲಿ ಈ ಆಟದ ಬೇರು ಕ್ಯಾಲಿಫೋರ್ನಿಯಾ. ಸ್ಟ್ಯಾನ್‌ಫರ್ಡ್, ಯುಸಿಎಲ್‌ಎ, ಯುಎಸ್‌ಸಿ, ಬರ್ಕ್ಲಿ ಎಲ್ಲವೂ ಅಲ್ಲೇ. ಗಂಡಸರ ಸೀಸನ್ ವರ್ಷದ ಕೊನೆಯ ತಿಂಗಳುಗಳಲ್ಲಿ, ಹೆಂಗಸರದು ವರ್ಷದ ಮೊದಲ ಭಾಗದಲ್ಲಿ. ಪೂರ್ತಿ ಸ್ಕಾಲರ್‌ಶಿಪ್ ಸಿಗುವವರು ಕಡಿಮೆ. ಪಾಲು ಹಂಚಿ ಕೊಡುವುದೇ ಹೆಚ್ಚು. ಕೋಚ್‌ಗೆ ನೀವೇ ಇಮೇಲ್ ಬರೆಯಿರಿ. ಜೊತೆಗೆ ಅಂಕಪಟ್ಟಿ, ಎತ್ತರ, ತೂಕ, 100 ಮೀಟರ್ ಸಮಯ ಮತ್ತು ಐದು ನಿಮಿಷದ ವಿಡಿಯೋ. ವಿಡಿಯೋದಲ್ಲಿ ಬರೀ ಗೋಲ್‌ಗಳನ್ನು ಅಂಟಿಸಬೇಡಿ. ರಕ್ಷಣೆ, ವಾಪಸ್ ಓಡಿ ಬರುವ ಈಜು, ಆರಕ್ಕೈದರ ಆಟ ಇರಲಿ. ಮಸಾಲೆ ಸಂಗೀತ ಬೇಡ.

ಎಚ್ಚರಿಕೆ: ಮೊದಲು ಯೂರೋಪಿನಲ್ಲಿ ಹಣ ಪಡೆದು ಆಡಿ, ಆಮೇಲೆ ಕಾಲೇಜಿಗೆ ಹೋಗುತ್ತೇನೆ ಅಂದರೆ ಅರ್ಹತೆಗೇ ತೊಂದರೆ ಬರಬಹುದು. ಎರಡೂ ಬೇಕಿದ್ದರೆ ಕಾಲೇಜು ಮೊದಲು.

ಕ್ಯಾಲಿಫೋರ್ನಿಯಾದಲ್ಲೇ ಇರುವ ಕನ್ನಡಿಗ ಪೋಷಕರಿಗೆ ಇದು ಸುಲಭ. ಅಲ್ಲಿ ಹೈಸ್ಕೂಲ್‌ಗಳಲ್ಲೇ ವಾಟರ್ ಪೋಲೋ ತಂಡಗಳಿವೆ. ಆದರೆ "ಮುಂದೆ ಭಾರತಕ್ಕೆ ಆಡಿಸೋಣ" ಅಂದುಕೊಂಡಿದ್ದರೆ ನೆನಪಿಡಿ, ಒಸಿಐ ಕಾರ್ಡ್ ಸಾಲದು, ಭಾರತದ ಪೌರತ್ವ ಬೇಕು.

ಎರಡನೆಯದು ಯೂರೋಪಿನ ಕ್ಲಬ್. ಹಂಗೇರಿಯ ಫೆರೆನ್ಸ್‌ವಾರೋಶ್, ಇಟಲಿಯ ಪ್ರೋ ರೆಕ್ಕೋ, ಸ್ಪೇನ್‌ನ ಬಾರ್ಸಿಲೋನೆಟಾ, ಗ್ರೀಸ್‌ನ ಒಲಿಂಪಿಯಾಕೋಸ್, ಡುಬ್ರೊವ್ನಿಕ್‌ನ ಯೂಗ್ ದೊಡ್ಡ ಹೆಸರುಗಳು. ಹೆಂಗಸರಲ್ಲಿ ಸ್ಪೇನ್‌ನ ಸಬಾಡೆಲ್, ಇಟಲಿಯ ಒರಿಜೊಂಟೆ ಕಟಾನಿಯಾ. ಅಲ್ಲಿಗೆ ಭಾರತದಿಂದ ನೇರ ಹೋಗುತ್ತೇವೆ ಅನ್ನುವುದು ಕನಸು ಅಷ್ಟೇ. ಒಲಿಂಪಿಕ್ಸ್‌ನಲ್ಲಿ ಗಂಡಸರ ಒಂಬತ್ತು ಚಿನ್ನ ಗೆದ್ದ ಹಂಗೇರಿಯಲ್ಲಿ ಸಣ್ಣ ಊರಿನ ಮಕ್ಕಳೂ ಕ್ಲಬ್‌ನಲ್ಲೇ ಬೆಳೆಯುತ್ತಾರೆ. ಡುಬ್ರೊವ್ನಿಕ್‌ನಲ್ಲಿ ಬೇಸಿಗೆ ಬಂದರೆ ಸಮುದ್ರದ ದಂಡೆಯಲ್ಲೇ ಗೋಲ್ ಕಟ್ಟಿ ಬಡಾವಣೆ ಬಡಾವಣೆಗಳ ನಡುವೆ ಲೀಗ್ ಆಡುತ್ತಾರೆ. ಆ ಮಕ್ಕಳ ಜೊತೆ ನಿಮ್ಮ ಪೈಪೋಟಿ.

ಹಾಗಾಗಿ ಎರಡನೇ, ಮೂರನೇ ದರ್ಜೆಯ ಲೀಗ್‌ಗಳ ಕ್ಲಬ್‌ಗೆ, ಅಥವಾ ಬೇಸಿಗೆ ತರಬೇತಿ ಶಿಬಿರಕ್ಕೆ ಬರೆಯಿರಿ. ಲೀಗ್ ಶರತ್ಕಾಲದಲ್ಲಿ ಶುರುವಾಗಿ ವಸಂತದ ಕೊನೆಗೆ ಮುಗಿಯುತ್ತದೆ. ಅಲ್ಲಿನ ಬೇಸಿಗೆಯಲ್ಲಿ ತಂಡ ಕಟ್ಟುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲೇ ಮಾತುಕತೆ ಶುರು ಮಾಡಿ. ಹಲವು ಲೀಗ್‌ಗಳಲ್ಲಿ ವಿದೇಶಿ ಆಟಗಾರರಿಗೆ ಮಿತಿ ಇದೆ. ಇರುವ ಒಂದೆರಡು ಜಾಗವನ್ನು ಕ್ಲಬ್ ಯಾಕೆ ನಿಮಗೆ ಕೊಡಬೇಕು ಅನ್ನುವುದಕ್ಕೆ ಉತ್ತರ ಇರಬೇಕು.

ಹಂತ 7: ಕಾಂಟ್ರ್ಯಾಕ್ಟ್ ಓದಿ

ದುಡ್ಡಿನ ವಿಷಯದಲ್ಲಿ ಭ್ರಮೆ ಬೇಡ. ಮೇಲಿನ ಕೆಲವೇ ಕ್ಲಬ್‌ಗಳಲ್ಲಿ ಒಳ್ಳೆಯ ಸಂಬಳ ಇದೆ. ಕೆಳಗೆ ಬಂದಂತೆ ಮನೆ, ಊಟ, ಒಂದಿಷ್ಟು ಕೈಖರ್ಚು. ಹೆಂಗಸರಿಗೆ ಇನ್ನೂ ಕಡಿಮೆ. 2024ರಲ್ಲಿ ಅಮೆರಿಕದ ಹೆಂಗಸರ ತಂಡದ ನಾಯಕಿಯಾಗಿದ್ದ ಮ್ಯಾಗಿ ಸ್ಟೆಫೆನ್ಸ್ ಮೂರು ಒಲಿಂಪಿಕ್ ಚಿನ್ನ ಗೆದ್ದವರು. ತಮ್ಮ ತಂಡದವರು ಎರಡನೇ, ಮೂರನೇ ಕೆಲಸ ಮಾಡಿಕೊಂಡು ಆಡುತ್ತಿದ್ದಾರೆ ಅಂತ ಅವರೇ ಆ ವರ್ಷ ಬರೆದರು. ಅದನ್ನು ನೋಡಿ ರ್‍ಯಾಪ್ ಗಾಯಕ ಫ್ಲೇವರ್ ಫ್ಲೇವ್ ಪ್ರಾಯೋಜಕರಾಗಿ ಬಂದರು. ಚಾಂಪಿಯನ್ ತಂಡದ ಗತಿಯೇ ಹೀಗೆ.

ಸಹಿ ಹಾಕುವ ಮೊದಲು ಇಷ್ಟನ್ನು ಬರಹದಲ್ಲಿ ಕೇಳಿ:

- ಸಂಬಳ ಹನ್ನೆರಡು ತಿಂಗಳಿಗೋ, ಸೀಸನ್‌ಗೆ ಮಾತ್ರವೋ? ತೆರಿಗೆ ಕಳೆದ ಮೊತ್ತವೋ, ಕಳೆಯುವ ಮೊದಲಿನದೋ?
- ಗಾಯವಾದರೆ ಸಂಬಳ ನಿಲ್ಲುತ್ತದೆಯೇ? ಶಸ್ತ್ರಚಿಕಿತ್ಸೆಯ ಖರ್ಚು ಯಾರದು?
- ಮನೆ ಒಬ್ಬರಿಗೋ, ನಾಲ್ವರಿಗೋ? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?
- ಭಾರತ ತಂಡ ಕರೆದರೆ ಬಿಡುತ್ತಾರೆಯೇ?
- ಅಂತರರಾಷ್ಟ್ರೀಯ ವರ್ಗಾವಣೆಯ ಶುಲ್ಕ ಯಾರದು? ದೇಶ ಬದಲಿಸಿ ಆಡಲು ನಿಮ್ಮ ರಾಷ್ಟ್ರೀಯ ಫೆಡರೇಶನ್‌ನ ಒಪ್ಪಿಗೆ ಬೇಕು. ಅದು ಬರುವವರೆಗೆ ನೀರಿಗಿಳಿಯುವಂತಿಲ್ಲ.

ಮೋಸದ ಜಾಲ ಇಲ್ಲೇ ಹೆಚ್ಚು. "ಟ್ರಯಲ್ಸ್ ಗ್ಯಾರಂಟಿ, ಮುಂಗಡ ಕಳಿಸಿ" ಅನ್ನುವ ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ಕ್ಲಬ್‌ನ ಅಧಿಕೃತ ವಿಳಾಸಕ್ಕೆ ನೀವೇ ಬರೆದು ಖಚಿತ ಮಾಡಿಕೊಳ್ಳಿ. "ಟೂರಿಸ್ಟ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ" ಅಂದರೆ ಹೋಗಬೇಡಿ. ಆ ವೀಸಾದಲ್ಲಿ ಸಂಬಳಕ್ಕೆ ಆಡುವುದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಮುಂದಿನ ವೀಸಾಗಳೂ ಹೋದಂತೆ.

ಹಂತ 8: ಸೀಸನ್ ದಾಟುವುದು

ಬೆಳಿಗ್ಗೆ ಜಿಮ್ ಮತ್ತು ಈಜು, ಸಂಜೆ ಚೆಂಡಿನ ಅಭ್ಯಾಸ, ವಾರಾಂತ್ಯ ಪಂದ್ಯ. ಮೊದಲು ಕೈಕೊಡುವುದು ಭುಜ. ಎಸೆತ ಮತ್ತು ಈಜು ಎರಡೂ ಅದರ ಮೇಲೇ ಬೀಳುತ್ತವೆ. ಎಲಾಸ್ಟಿಕ್ ಬ್ಯಾಂಡ್ ಹಿಡಿದು ಭುಜದ ಒಳಸ್ನಾಯುಗಳ ವ್ಯಾಯಾಮವನ್ನು ನೋವು ಬರುವ ಮೊದಲೇ ಶುರು ಮಾಡಿ. ತಲೆಗೆ ಮೊಣಕೈ ಏಟು ಬಿದ್ದು ಮಂಪರು ಬಂದರೆ ಆ ದಿನ ಮತ್ತೆ ನೀರಿಗಿಳಿಯಬೇಡಿ.

ಸಸ್ಯಾಹಾರಿಗಳು ಕೇಳುತ್ತಲೇ ಇರುತ್ತಾರೆ: ಆಗುತ್ತೆ. ಆದರೆ ಅನ್ನ-ಸಾರಿನ ಪ್ರಮಾಣ ಹೆಚ್ಚಿಸಿದರೆ ಸಾಲದು. ಕಾಳು, ಮೊಸರು, ಪನೀರ್ ದಿನವೂ ಲೆಕ್ಕ ಹಾಕಿ ತಿನ್ನಬೇಕು. ಅಡುಗೆ ಕಲಿತು ಹೋಗಿ.

ಡೋಪಿಂಗ್ ಬಗ್ಗೆ ಒಂದೇ ಮಾತು. ನೆಗಡಿ ಮಾತ್ರೆ, ಜಿಮ್‌ನಲ್ಲಿ ಕೊಡುವ ಪುಡಿ, ಊರಿನ ಲೇಹ್ಯ ಯಾವುದನ್ನೂ ಕೇಳದೆ ತಗೋಬೇಡಿ. ಡೋಪಿಂಗ್ ತಡೆಯುವ ನಮ್ಮ ದೇಶದ ನಾಡಾ ಸಂಸ್ಥೆಯ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ಆದರೆ ಪುಡಿ, ಲೇಹ್ಯದೊಳಗೆ ಏನು ಬೆರೆತಿದೆ ಅಂತ ಯಾವ ಆ್ಯಪ್ ಕೂಡ ಹೇಳುವುದಿಲ್ಲ. "ಗೊತ್ತಿರಲಿಲ್ಲ" ಅಂದರೆ ನಿಷೇಧ ತಪ್ಪುವುದಿಲ್ಲ.

ಹಂತ 9: ಮೂವತ್ತೈದರ ನಂತರ

ಸ್ಪೇನ್‌ನ ಮಾನುಯೆಲ್ ಎಸ್ತಿಯಾರ್ತೆ 1980ರಿಂದ 2000ದವರೆಗೆ ಆರು ಒಲಿಂಪಿಕ್ಸ್ ಆಡಿದರು. ಆಮೇಲೆ ಫುಟ್‌ಬಾಲ್ ಕೋಚ್ ಪೆಪ್ ಗಾರ್ಡಿಯೋಲಾ ಜೊತೆ ಕೆಲಸಕ್ಕೆ ಸೇರಿದರು. ಹಂಗೇರಿಯಲ್ಲಿ ಒಲಿಂಪಿಕ್ ಪದಕ ಗೆದ್ದವರಿಗೆ ಸರ್ಕಾರವೇ ಜೀವನಪೂರ್ತಿ ಮಾಸಿಕ ಭತ್ಯೆ ಕೊಡುತ್ತದೆ. ನಮಗೆ ಇವೆರಡೂ ಇಲ್ಲ ಅಂದುಕೊಂಡೇ ಯೋಜನೆ ಹಾಕಿ. ಸೀಸನ್ ನಡುವೆಯೇ ದೂರಶಿಕ್ಷಣದಲ್ಲಿ ಪದವಿ ಮುಗಿಸಿ. ಕ್ಲಬ್ ಇರುವ ಊರಿನ ಭಾಷೆ ಕಲಿಯಿರಿ, ಬೇರೆ ಕೆಲಸ ಹುಡುಕುವಾಗ ಅದು ಉಪಯೋಗಕ್ಕೆ ಬರುತ್ತದೆ. ಕೋಚಿಂಗ್ ಸರ್ಟಿಫಿಕೇಟ್ ಮತ್ತು ರೆಫರಿ ಪರೀಕ್ಷೆಯ ಬಗ್ಗೆ ಆಡುತ್ತಿರುವಾಗಲೇ ರಾಜ್ಯ ಸಂಸ್ಥೆಯಲ್ಲಿ ವಿಚಾರಿಸಿ. ಆಟ ಬಿಟ್ಟ ಮೇಲೆ ಹೋದರೆ ಮತ್ತೆ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕು.